ಅಷ್ಟಮಿಗೆ ಹೊರಟವರು

ನವೆಂಬರ್ 16, 2025, ರವಿವಾರ

ಗೌರವ್ವ ಇವತ್ತು ತನಗೆ ಏನೋ ಒಂದು ಬೇಕು ಎಂದು ಬಾಯಿಬಿಟ್ಟು ಕೇಳಿದಳು. ಬರೆದಿಡಬೇಕಾದ ಸಂಗತಿಯೇ ಇದು. ಶಿವರಾತ್ರಿ ಮುಗಿದ ವಾರ ನನ್ನ ತಮ್ಮ ಕೊಟ್ರೇಶ ನಮ್ಮ ಸೀರೆ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದವನು ಎದೆ ಹಿಡಿದುಕೊಂಡು ಕೂತಲ್ಲೇ ಹೋದ. ಅಂದಿನಿಂದ ಅವನ ಹೆಂಡತಿ ಗೌರವ್ವ ಈ ಮನೆಯಲ್ಲಿ ಉಪ್ಪು ತೀರಿದೆ, ಸಾಬೂನು ತೀರಿದೆ ಎಂದದ್ದು ಬಿಟ್ಟರೆ ತನಗಾಗಿ ಏನನ್ನೂ ಕೇಳಿದವಳಲ್ಲ. ಇವತ್ತು ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಹಿಟ್ಟು ಮೆತ್ತಿದ ಕೈಯಲ್ಲೇ ಮೊಬೈಲು ಹಿಡಿದು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತಳು.

“ಅಕ್ಕಾರ, ಇದನ್ನ ಒಂದೀಟ ನೋಡ್ರಿ.”

ಒಂದು ವಿಡಿಯೊ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆಯ ನಿಂತ ನೀರು, ನಡುವೆ ಉದ್ದಕ್ಕೆ ಮರಳಿನ ಪಟ್ಟಿ. ಸೀರೆಯ ಅಂಚಿನ ಹಾಗೆ ಸಪೂರ. ಮನೆಯಿಲ್ಲ, ಮರವಿಲ್ಲ, ಒಂದು ನಾಯಿ ಕೂಡ ಇಲ್ಲ. ಹೊನ್ನಾವರದ ಆಚೆಗಂತೆ. ಹೊಯ್ಗೆಕುರ್ವೆ ಅಂತ ಹೆಸರು, ಆ ಕಡೆ ಮರಳಿಗೆ ಹೊಯ್ಗೆ ಅನ್ನುತ್ತಾರಂತೆ. ದೋಣಿಯಲ್ಲೇ ಹೋಗಬೇಕು.

“ಅಲ್ಲೇನೈತಿ ನೋಡಾಕ?” ಎಂದೆ.

“ಏನೂ ಇಲ್ರಿ. ಅದಕ್ಕ ಹೋಗಬೇಕು ಅನಸತೈತಿ. ಇಲ್ಲೆ ಎಲ್ಲಿ ಹ್ವಾದ್ರೂ ಮಂದಿ ಪಾಪ ಅನ್ನೂಹಂಗ ನೋಡ್ತಾರ. ಅಲ್ಲಿ ನೋಡವ್ರ ಇಲ್ಲ. ಒಂದ ತಾಸು ಸುಮ್ನ ಕುಂತ ಬಂದ್ರ ಸಾಕ್ರಿ.”

ನಾನು ನಕ್ಕುಬಿಟ್ಟೆ. ಒಂದು ತಾಸು ಸುಮ್ಮನೆ ಕೂಡ್ರಲು ಘಟ್ಟ ಇಳಿದು ಹೋಗಬೇಕೇ, ನಮ್ಮ ಗಜೇಂದ್ರಗಡದ ಗುಡ್ಡದ ಮೇಲೆ ಕೂತರೆ ಆಗದೇ? ಅವಳು ಮೊಬೈಲು ಒರೆಸಿಕೊಂಡು ಎದ್ದು ಹೋದಳು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ನಗಬಾರದಿತ್ತು.

ನವೆಂಬರ್ 18, ಮಂಗಳವಾರ

ರೋಣದಿಂದ ಪ್ರಭುಲಿಂಗಪ್ಪ ಕಾಕಾ ಬಂದಿದ್ದರು. ಅಪ್ಪನ ತಮ್ಮ, ಪೇಟೆಯಲ್ಲಿ ಕಾಳಿನ ವ್ಯಾಪಾರಿ. ಅಪ್ಪ ಅವ್ವ ಹೋದಮೇಲೆ ನಮ್ಮ ಮನೆತನಕ್ಕೆ ಹಿರಿಯರೆಂದರೆ ಅವರೇ. ಅದನ್ನು ಅವರೂ ಮರೆಯುವುದಿಲ್ಲ, ನಮಗೂ ಮರೆಯಗೊಡುವುದಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ್ದನ್ನು ನೋಡಿ ಗಾದಿಯ ಮೇಲೆ ಸರಿದು ಕೂತರು.

ಹೊಳೆಆಲೂರಿನಿಂದ ಗೌರವ್ವನ ಅಣ್ಣ ಅವರ ಹತ್ತಿರ ಹೋಗಿದ್ದನಂತೆ. ಅದೇ ಊರಿನಲ್ಲಿ ಸಿದ್ದಾರೂಢ ಎಂಬುವನೊಬ್ಬ ಹಿಟ್ಟಿನ ಗಿರಣಿ ನಡೆಸುತ್ತಾನೆ, ಹೆಂಡತಿ ತೀರಿಕೊಂಡು ಮೂರು ವರ್ಷ, ಮಕ್ಕಳಿಲ್ಲ. ಕೊಟ್ರೇಶನ ವರ್ಷಾಂತಿಕ ಮುಗಿದ ಮೇಲೆ ಉಡಿಕಿ ಮಾಡಿಕೊಡೋಣ ಎಂದು ಕೇಳಿದ್ದಾನೆ. ಉಡಿಕಿ ಎಂದರೆ ನಮ್ಮ ಕಡೆ ಗಂಡನಿಲ್ಲದ ಹೆಣ್ಣಿಗೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ವಾಲಗವಿಲ್ಲ, ಮುತ್ತೈದೆಯರಿಲ್ಲ, ದೀಪ ಸಣ್ಣ ಮಾಡಿ ಮುಗಿಸುವ ಮದುವೆ. ಉಡಿಕಿ ಸೀರೆ ಕೊಳ್ಳಲು ಬರುವವರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಅಂಗಡಿ ಬರಿದಾಗುವ ತನಕ ಎದುರಿನ ಚಹದ ಹೋಟೆಲಿನಲ್ಲಿ ಕಾಯುತ್ತಾರೆ, ಬಣ್ಣ ನೋಡದೆ ಆರಿಸುತ್ತಾರೆ.

“ನೀವೇನ್ ಹೇಳಿದ್ರಿ?” ಎಂದು ಕೇಳಿದೆ.

“ಆಕಿ ಹೋಗ್ತೀನಂದ್ರ ನಾವ ಕಟ್ಟಿ ಹಾಕೂದಿಲ್ಲ. ಆದ್ರ ಕೂಸು ಕೊಟ್ರೇಶಂದು. ಉಡಿಕಿ ಆದಾಕಿ ಮೊದಲಿನ ಗಂಡನ ಕೂಸಿನ್ನ ಅವನ ಮನ್ಯಾಗ ಬಿಟ್ಟ ಹೋಗಬೇಕು. ಹಿಂದಿಂದ ಹಂಗ ನಡಕೊಂತ ಬಂದೇತಿ. ಅದನ್ನ ಆಕಿಗೆ ನೀನ ತಿಳಿಸಿ ಹೇಳು, ಹೆಂಗಸರು ಹೆಂಗಸರಿಗೆ ಹೇಳಿದ್ರ ನೆಟ್ಟಗ. ಚಿನ್ನೂನ ಬಿಟ್ಟು ಆಕಿ ಎಲ್ಲಿ ಹೋಗ್ತಾಳ? ತಾನ ಸುಮ್ನಾಗ್ತಾಳ.”

ಕಾಕಾ ಹೋದಮೇಲೆ ಎರಡು ಸೀರೆ ಮಡಿಸಿದೆ, ಎರಡೂ ತಪ್ಪಾದವು. ಆ ಕಟ್ಟಳೆ ಇರದಿದ್ದರೆ ಗೌರವ್ವನ ಹಿಂದೆ ಅವಳ ಮಗಳು, ಆರು ವರ್ಷದ ಚಿನ್ನೂ ಹೋಗುತ್ತಾಳೆ, ಇಬ್ಬರೂ ಹೋದರೆ ಆ ಮನೆಯಲ್ಲಿ ನಾನೊಬ್ಬಳು. ಮದುವೆ ಬೇಡವೆಂದು ಅಪ್ಪನ ಅಂಗಡಿಗೆ ಅಂಟಿಕೊಂಡು ಉಳಿದವಳು ನಾನು, ಅದಕ್ಕೆ ಎಂದೂ ಬೇಸರಪಟ್ಟಿಲ್ಲ. ಆದರೆ ಸಂಜೆ ಬಾಗಿಲು ತೆರೆದಾಗ “ಅತ್ತಿ ಬಂದ್ಳು” ಎನ್ನುವ ದನಿ ಇರಬೇಕು. ಅದಿಲ್ಲದ ಮನೆ ನನಗೆ ಬೇಡ. ನನಗೆ ಹೆದರಿಕೆಯಾಗಿದೆ.

ಕಾಕಾ ಹೇಳಿದ್ದು ಸರಿ. ತಿಳಿಸಬೇಕು. ಎಲ್ಲಿ ತಿಳಿಸಬೇಕೆಂಬುದೂ ಹೊಳೆಯಿತು. ಅವಳು ಕೇಳಿದ ಮರಳಿನ ಪಟ್ಟಿಗೇ ಕರೆದುಕೊಂಡು ಹೋಗುತ್ತೇನೆ. ಕೇಳಿದ್ದನ್ನು ಕೊಡಿಸಿದ ಕೈ ಹೇಳುವ ಮಾತು ಬೇಗ ನಾಟುತ್ತದೆ. ಯಾರೂ ಇಲ್ಲದಲ್ಲಿ, ಮೆತ್ತಗೆ ಹೇಳಿ ಮುಗಿಸುತ್ತೇನೆ.

ನವೆಂಬರ್ 23, ರವಿವಾರ

“ಹೋಗೂಣು” ಎಂದಾಗ ಗೌರವ್ವ ನಂಬಲಿಲ್ಲ. “ಖರೇನ್ರೀ?” ಎಂದು ಕೇಳಿ ಒಳಗೆ ಹೋದವಳು ಮತ್ತೆ ಹೊರಗೆ ಬಂದು ಅದನ್ನೇ ಕೇಳಿದಳು.

ದಿನ ಗೊತ್ತುಮಾಡಿದೆ. ಎಳ್ಳ ಅಮಾವಾಸ್ಯೆ. ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ತಂದ ಅಡುಗೆಯನ್ನು ಬೆಳೆಯ ಮೇಲೆ ಎರಚಿ, ಅಲ್ಲೇ ಕೂತು ಉಣ್ಣುತ್ತಾರೆ. ಸಾವಾದ ಮನೆಗೆ ವರ್ಷದ ಹಬ್ಬವಿಲ್ಲ. ಬರಿದಾದ ಓಣಿಯಲ್ಲಿ ನಾವು ಮೂವರೇ ಬಾಗಿಲು ಹಾಕಿಕೊಂಡು ಕೂಡ್ರುವ ಬದಲು ಸಮುದ್ರ ನೋಡುವುದು ಮೇಲಲ್ಲವೇ? ಇಷ್ಟು ಚಂದದ ಲೆಕ್ಕಾಚಾರಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕ್ರೂಸರ್ ಓಡಿಸುವ ಕಾಶೀಂಸಾಬನನ್ನು ಕರೆಸಿದೆ. ಅವನಿಗೆ ಆ ದಡದಲ್ಲಿ ಇಲಿಯಾಸ ಎಂಬ ದೋಣಿಯವನ ಪರಿಚಯವಿದೆ. “ಗಾಡಿ ನಿಮ್ದ ಅಂತ ತಿಳೀರಿ ಅಕ್ಕಾರ. ಆದ್ರ ಮೂರ ಮಂದಿಗೆ ಕ್ರೂಸರ್ ಯಾಕ್ರಿ, ಬಿಕೋ ಅಂತೈತಿ,” ಎಂದ. ಅದೂ ಹೌದು.

ಮದುವೆಯ ಸೀಸನ್ನು. ಗೌರವ್ವ ಒಳಕೋಣೆಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಮುಂದೆ ಗಾದಿಗೆ ಬರಬೇಡ ಎಂದು ನಾನೇ ಹೇಳಿದ್ದೇನೆ. ಧಾರೆ ಸೀರೆ ಕೊಳ್ಳಲು ಬಂದವರು ಮುಖ ಸಿಂಡರಿಸಿದರೆ ಅವಳಿಗೇ ನೋವು.

ನವೆಂಬರ್ 30, ರವಿವಾರ

ಕಾಕಾನಿಗೆ ಫೋನಿನಲ್ಲಿ ಹೇಳಿದ್ದೇ ತಡ, ಸುದ್ದಿ ರೋಣ ದಾಟಿ ನರಗುಂದ ಮುಟ್ಟಿದೆ. ಕಾಕಾ ಬರುತ್ತಾರೆ. ಅವರ ಹೆಂಡತಿ ಬಾಳವ್ವ ಚಿಗವ್ವ ಮಂಡಿನೋವು ಮರೆತು ಬರುತ್ತಾಳೆ. ನರಗುಂದದಲ್ಲಿರುವ ಅವಳ ತಂಗಿಯೂ, ತಂಗಿಯ ಸೊಸೆಯೂ ಬರುತ್ತಾರೆ. ಕ್ರೂಸರ್ ತುಂಬಿ ಇನ್ನೊಂದು ಗಾಡಿ ಬೇಕಾಗಿದೆ. ಕಾಶೀಂಸಾಬ ಖುಷಿಯಾಗಿದ್ದಾನೆ.

ಬುತ್ತಿಯ ಮಾತು ಫೋನಿನಲ್ಲೇ ತೀರ್ಮಾನವಾಯಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಮಾದಲಿ, ಶೇಂಗಾ ಹಿಂಡಿ, ಒಂದು ಗಡಿಗೆ ಮೊಸರು. “ದಾರಿಯಾಗ ಹೋಗು ಬರೂ ಮಂದಿನ್ನ ಊಟಕ್ಕ ಕರೀಬೇಕಲ್ಲ, ಜಾಸ್ತಿನ ಇರಲಿ,” ಎಂದಳು ಚಿಗವ್ವ. ಅಲ್ಲಿ ಹೋಗುವವರೂ ಇಲ್ಲ, ಬರುವವರೂ ಇಲ್ಲ, ದಾರಿಯೇ ಇಲ್ಲ ಎಂದೆ. “ಜಾಗಾ ಅಂದಮ್ಯಾಲೆ ಯಾರರ ಇರ್ತಾರ ಬಿಡು,” ಎಂದು ಫೋನು ಇಟ್ಟಳು.

ಗೌರವ್ವ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. “ಅಷ್ಟೂ ಮಂದಿ ಬರ್ತಾರೇನ್ರಿ?” ಎಂದಳು. ಬೇಡ ಎನ್ನಲು ಬರುತ್ತದೆಯೇ, ಹಿರಿಯರು ಎಂದೆ. “ಹೌದ್ರಿ,” ಎಂದಳು. ಆಮೇಲೆ ಆ ವಿಡಿಯೊ ನೋಡುವುದನ್ನು ಬಿಟ್ಟಿದ್ದಾಳೆ.

ಡಿಸೆಂಬರ್ 3, ಬುಧವಾರ

ಇವತ್ತು ಇಲಿಯಾಸನ ಜತೆ ಮಾತಾಡಿದೆ. ದಿನ ಹೇಳಿದ ಕೂಡಲೇ ಅವನು ನಕ್ಕ.

“ಅಮಾಸೆ ದಿನ ಆಗೂದಿಲ್ಲ ಅಕ್ಕ. ಅಮಾಸೆ ಹುಣ್ಣಿಮೆಗೆ ಉಬ್ಬರ ಜೋರು. ಅರ್ಧ ಹೊಯ್ಗೆ ನೀರಡಿಗೆ ಹೋಗ್ತದೆ. ಇಳಿಸೂಕೂ ಜಾಗ ಇರೂದಿಲ್ಲ, ತಿರುಗಿ ಕರ್ಕೊಂಡು ಬರೂದೂ ಕಷ್ಟ.”

“ನಮ್ಮ ಕಡೆ ಅವತ್ತ ಹಬ್ಬರೀ. ಎಲ್ಲಾರೂ ಹೊರಗ ಹೋಗೂ ದಿನ,” ಎಂದೆ, ಸಮುದ್ರಕ್ಕೂ ಅದು ಗೊತ್ತಿರಬೇಕು ಎಂಬ ಹಾಗೆ.

“ಅಷ್ಟಮಿ ನವಮಿಗೆ ಬನ್ನಿ. ಆವಾಗ ನೀರು ಶಾಂತ ಇರ್ತದೆ. ಮತ್ತೆ ಕುಡಿಯೂಕೆ ನೀರು ನೀವೇ ತನ್ನಿ, ನೆರಳಿಗೆ ಛತ್ರಿ ತನ್ನಿ. ಅಲ್ಲಿ ಎಂತದೂ ಇಲ್ಲ.”

ಅಷ್ಟಮಿ ನವಮಿ! ನಮ್ಮಲ್ಲಿ ಆ ಎರಡು ದಿನ ಹೊಸ ಸೀರೆಯ ಗಂಟು ಕೂಡ ಬಿಚ್ಚುವುದಿಲ್ಲ. ಕ್ಯಾಲೆಂಡರ್ ನೋಡಿದೆ. ಡಿಸೆಂಬರ್ ಇಪ್ಪತ್ತೆಂಟು, ರವಿವಾರ. ಹಿಂದಿನ ದಿನ ಅಷ್ಟಮಿಯಲ್ಲಿ ಊರು ಬಿಡಬೇಕು, ಅಲ್ಲಿ ನವಮಿ ಹಿಡಿಯಬೇಕು. ಎರಡೂ ಕೂಡಿಬಂದಿವೆ.

ಡಿಸೆಂಬರ್ 4, ಗುರುವಾರ

ಕಾಕಾ ಬರುವುದಿಲ್ಲ. “ಅಷ್ಟಮಿ ದಿನ ಯಾರರ ಊರ ಬಿಡ್ತಾರೇನು? ನಿನಗ ತಲಿ ನೆಟ್ಟಗ ಐತೋ ಇಲ್ಲೋ?” ಎಂದರು. ಚಿಗವ್ವನ ಮಂಡಿ ಮತ್ತೆ ನೋಯತೊಡಗಿದೆ. ನರಗುಂದದವರು ಫೋನನ್ನೇ ಎತ್ತಲಿಲ್ಲ.

ಗೌರವ್ವನಿಗೆ ಹೇಳಿದೆ. ಅವಳ ತುಟಿಯ ತುದಿಯಲ್ಲಿ ನಗು ಬಂತು. ನಾನು ನೋಡಿದೆ, ನೋಡದವಳಂತೆ ಇದ್ದೆ. ಕಾಕಾ ಕೊನೆಗೆ ಒಂದು ಮಾತು ಸೇರಿಸಿದ್ದರು: “ಹೋಗೂದ ಹೋಗು, ಆ ಮಾತ ಮಾತ್ರ ಮರೀಬ್ಯಾಡ.”

ಡಿಸೆಂಬರ್ 11, ಗುರುವಾರ

ಮಟಮಟ ಮಧ್ಯಾಹ್ನ, ಅಂಗಡಿ ತುಂಬ ಗಿರಾಕಿ. ಕಿವಿಯ ಹಿಂದೆ ಹಿಟ್ಟಿನ ಪುಡಿ ಅಂಟಿಕೊಂಡಿದ್ದ ಒಬ್ಬ ಉದ್ದನೆಯ ಮನುಷ್ಯ ಚಪ್ಪಲಿ ಬಿಟ್ಟು ಒಳಗೆ ಬಂದ.

“ಹೊಳೆಆಲೂರಿಂದ ಬಂದೇನ್ರಿ. ಸಿದ್ದಾರೂಢ ಅಂತಾರ್ರಿ ನನಗ.”

ದನಿ ತಗ್ಗಿಸಲೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಸೀರೆ ತೋರಿಸಲೇ ಎಂದೆ. ಉತ್ತರಕ್ಕೂ ಕಾಯದೆ, ವರ್ಷಗಟ್ಟಲೆ ಯಾರೂ ಮುಟ್ಟದ ಕೆಸರು ಬಣ್ಣದವು, ಅಂಚು ಮಾಸಿದವು, ಹುಡುಕಿ ಹುಡುಕಿ ಅವನ ಮುಂದೆ ಒಗೆದೆ. ಅವನು ಅವನ್ನೂ ನೀಟಾಗಿ ಮಡಿಸಿ ಬದಿಗಿಟ್ಟ. ಉಳಿದವರು ಹೋಗುವ ತನಕ ಕೂತಿದ್ದ.

“ಸೀರಿಗೆ ಬಂದಿಲ್ರಿ. ಗೌರವ್ವಾರು ಇನ್ನೂ ಏನೂ ಹೇಳಿಲ್ಲ. ಅವರು ಒಲ್ಲೆ ಅಂದ್ರೂ ನನ್ನದೇನೂ ಬ್ಯಾಸರಿಲ್ಲ. ಕೂಸಿನ ಸುದ್ದಿ ಕೇಳಾಕ ಬಂದೇನ್ರಿ. ನಮ್ಮ ಮನ್ಯಾಗ ಕೂಸುಗಳ ಇದ್ದಿಲ್ಲ, ನನಗ ತಿಳಿಯೂದಿಲ್ಲ. ಏನ್ ಊಟ ಸೇರತೈತ್ರಿ? ದೀಪ ಆರಿಸಿದ್ರ ಅಂಜತೈತೇನ್ರಿ?”

“ಕೂಸು ನಮ್ಮ ಮನ್ಯಾಗ ಐತಿ. ದೀಪ ಹಚ್ಚಾಕ ನಾವ ಅದೀವಿ,” ಎಂದೆ.

ಅವನು ಮಡಿಸಿಟ್ಟ ಸೀರೆಗಳನ್ನು ನನ್ನ ಕಡೆ ಸರಿಸಿದ. “ಹೌದ್ರಿ,” ಎಂದು ಎದ್ದು 'ಬರ್ತೇನ್ರಿ' ಅಂತ ಕೈಮುಗಿದು ಹೋದ. ಅಂಗಡಿಗೆ ಬಂದವನಿಗೆ ಅಷ್ಟು ಕೆಟ್ಟ ಸೀರೆ ಯಾರಾದರೂ ತೋರಿಸುತ್ತಾರೆಯೇ? ಅವನು ಬಂದದ್ದನ್ನು ಗೌರವ್ವನಿಗೆ ಹೇಳಲಿಲ್ಲ.

ಡಿಸೆಂಬರ್ 14, ರವಿವಾರ

ಅಂಜುತ್ತಾಳೆ. ಚಿನ್ನು ದೀಪ ಆರಿಸಿದರೆ ಅಂಜುತ್ತಾಳೆ. ಅಡುಗೆಮನೆಯ ಸಣ್ಣ ದೀಪ ಹಚ್ಚಿಟ್ಟು ಬಾಗಿಲು ಅರ್ಧ ತೆರೆದಿಡಬೇಕು. ಇದನ್ನು ಇಲ್ಲಿ ಯಾಕೆ ಬರೆಯುತ್ತಿದ್ದೇನೋ ನನಗೂ ತಿಳಿಯದು.

ಇವತ್ತು ಒಬ್ಬಳಿಂದ ಆಗದಷ್ಟು ಗಿರಾಕಿ. ಗೌರವ್ವ ಮುಂದೆ ಬಂದು ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸಿದಳು. ವ್ಯಾಪಾರ ಚಲೋ ಆಯಿತು.

ಡಿಸೆಂಬರ್ 19, ಶುಕ್ರವಾರ, ಎಳ್ಳ ಅಮಾವಾಸ್ಯೆ

ಬೆಳಿಗ್ಗೆಯಿಂದ ಓಣಿಯಲ್ಲಿ ಟ್ರ್ಯಾಕ್ಟರು, ಚಕ್ಕಡಿ, ಬೈಕು. ಎಲ್ಲರ ಕೈಯಲ್ಲೂ ಬುತ್ತಿ. ಚಿನ್ನು ಹೊಸ್ತಿಲ ಮೇಲೆ ಕೂತು ಪ್ರತಿ ಗಾಡಿಯನ್ನೂ ನೋಡುತ್ತಿದ್ದಳು. ಕೊನೆಗೆ ಓಣಿ ಬರಿದಾಯಿತು. “ನಾವ್ಯಾಕ ಹೋಗೂದಿಲ್ಲ ಅತ್ತಿ?” ಎಂದಳು. ಅಪ್ಪ ಹೋಗಿ ವರ್ಷ ತುಂಬಿಲ್ಲ ಎಂದೆ. “ಅಪ್ಪ ಇದ್ರ ಕರಕೊಂಡ ಹೋಗ್ತಿದ್ದ,” ಎಂದಳು. ಅಳಲಿಲ್ಲ. ಅತ್ತಿದ್ದರೆ ಗದರಿಸಿ ಸುಮ್ಮನಾಗಿಸಬಹುದಿತ್ತು.

ಹಬ್ಬ ಮಾಡಬಾರದು ನಿಜ, ಆದರೆ ಹೊಲ ನೋಡಿ ಬರಬಾರದು ಎಂದೇನೂ ಇಲ್ಲವಲ್ಲ. ಗೌರವ್ವನಿಗೆ ಬರಿ ರೊಟ್ಟಿ, ಮೊಸರು ಕಟ್ಟು ಎಂದೆ. ಬಸ್ಸಿನಲ್ಲಿ ಸೂಡಿಗೆ ಹೋದೆವು. ಅಲ್ಲಿ ನಮ್ಮದೊಂದು ಹೊಲವಿದೆ. ಗವಿಸಿದ್ದಪ್ಪ ಅದನ್ನು ಪಾಲಿಗೆ ಮಾಡುತ್ತಾನೆ. ಕಡಲೆ ಮೊಣಕಾಲುದ್ದ ಬಂದಿತ್ತು. ಅವನ ಹೆಂಡತಿ ಫಕೀರವ್ವ ನಮ್ಮನ್ನು ನೋಡಿ ಪಾಪ ಎನ್ನಲಿಲ್ಲ, ಯಾಕೆ ಬಂದಿರಿ ಎನ್ನಲಿಲ್ಲ. “ಚರಗಾ ಚೆಲ್ಲಾಕ ಸಣ್ಣ ಕೈ ಬೇಕಾಗಿತ್ತ ನೋಡವ್ವ,” ಎಂದು ಚಿನ್ನುವಿನ ಬೊಗಸೆಗೆ ಕಡಬಿನ ಚೂರು ಹಾಕಿದಳು. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಚಿನ್ನು ಸಾಲಿನ ತುಂಬ ಓಡಾಡಿ ಚೆಲ್ಲುತ್ತಿದ್ದಳು. ಗೌರವ್ವ ಅವಳ ಹಿಂದೆ ಹೋದಳು.

ಬನ್ನಿಗಿಡದ ಬುಡದಲ್ಲಿ ನಾನೂ ಫಕೀರವ್ವನೂ ಇಬ್ಬರೇ. ಹೊಳೆಆಲೂರಿನ ಸುದ್ದಿ ಅವಳ ಕಿವಿಗೂ ಬಿದ್ದಿದೆ. “ನಂದೂ ಉಡಿಕಿನ,” ಎಂದಳು, ರೊಟ್ಟಿ ಮುರಿಯುತ್ತ. ನಮ್ಮ ಹೊಲಕ್ಕೆ ಅವಳು ಬರತೊಡಗಿ ಇಪ್ಪತ್ತು ವರ್ಷವಾಯಿತು, ನನಗೆ ಇದು ಗೊತ್ತಿರಲಿಲ್ಲ.

“ಮೊದಲಿನ ಮನಿ ಅಬ್ಬಿಗೇರಿ. ಮಗ ಸಣ್ಣಾವ ಇದ್ದ, ಇನ್ನೂ ಮಾತ ಸುದ್ದ ಬರ್ತಿದ್ದಿಲ್ಲ. ಬಿಟ್ಟ ಬಂದ್ನಿ. ಬಿಡಬೇಕಂದ್ರು, ಬಿಟ್ನಿ. ಈಗ ದೊಡ್ಡಾವ ಆಗ್ಯಾನ, ಟ್ರ್ಯಾಕ್ಟರ್ ಹೊಡಿತಾನ.”

“ಸಿಗ್ತಾನೇನು?”

“ಸಂತ್ಯಾಗ ಸಿಗ್ತಾನ. ಆರಾಮ ಅದೀರೇನ್ರಿ ಅಂತಾನ. ಚಲೋ ಹುಡುಗ, ಮಾತ ಭಾಳ ಮೆತ್ತಗ. ರೀ ಹಚ್ಚಿ ಮಾತಾಡ್ತಾನ ನನಗ.”

ನಮ್ಮ ಕಡೆ ಹೆತ್ತ ತಾಯಿಗೆ ಯಾವ ಮಗನೂ ರೀ ಎನ್ನುವುದಿಲ್ಲ. ಅವಳು ಎಣಗಾಯಿಯ ತೊಟ್ಟು ಬದಿಗಿಟ್ಟು ಇನ್ನೊಂದು ರೊಟ್ಟಿ ತೆಗೆದುಕೊಂಡಳು. ನನಗೆ ಹಾಕಿದ್ದನ್ನು ಮುಗಿಸಲಾಗಲಿಲ್ಲ. ಬಿಸಿಲು ಜೋರಾಗಿತ್ತು, ಅದಕ್ಕಿರಬೇಕು.

ತಿರುಗಿ ಬರುವಾಗ ಚಿನ್ನು ಬಸ್ಸಿನಲ್ಲಿ ತಾಯಿಯ ಭುಜಕ್ಕೆ ಒರಗಿ ನಿದ್ದೆಹೋದಳು. ಬ್ಯಾಗು ನನ್ನ ತೊಡೆಯ ಮೇಲಿತ್ತು.

ಡಿಸೆಂಬರ್ 24, ಬುಧವಾರ

ಛತ್ರಿ ಎರಡು. ನೀರಿನ ಕ್ಯಾನು. ಚಿನ್ನುವಿಗೆ ಘಟ್ಟದಲ್ಲಿ ವಾಂತಿಯಾಗಬಹುದು, ನಿಂಬೆಹಣ್ಣು. ಬುತ್ತಿ ನಾಲ್ಕು ಜನಕ್ಕೆ ಸಾಕು, ಕಾಶೀಂಸಾಬನೂ ಸೇರಿ.

ಕಾಕಾ ಮತ್ತೆ ಫೋನು ಮಾಡಿದ್ದರು. ಹೊಳೆಆಲೂರಿನವರಿಗೆ ತಾವೇ ಮಾತು ಮುಟ್ಟಿಸಿದ್ದಾರಂತೆ, ನಾನು ಇಲ್ಲಿ ಗಟ್ಟಿ ಮಾಡಿಕೊಂಡರೆ ಸಾಕಂತೆ. ಹೇಗೆ ಹೇಳಬೇಕೆಂದು ಅಂಗಡಿಯಲ್ಲಿ ಕೂತು ಮನಸ್ಸಿನಲ್ಲೇ ಹೇಳಿ ನೋಡಿದೆ. “ಗೌರವ್ವ, ನೀ ಸಣ್ಣಾಕಿ ಅದೀ, ನಿನ್ನ ತಡಿಯೂದಿಲ್ಲ. ಆದ್ರ ಚಿನ್ನು...” ಅಲ್ಲಿಗೆ ಬಂದು ನಿಲ್ಲುತ್ತದೆ. ಮುಂದಿನದು ಗೊತ್ತು, ನಾಲಿಗೆಗೆ ಬರುವುದಿಲ್ಲ. ಅಲ್ಲಿ ಹೋದಮೇಲೆ ಬರುತ್ತದೆ.

ನಡುವೆ ಗೌರವ್ವ ನನ್ನನ್ನು ಕರೆದಳು. ಮದುವಣಗಿತ್ತಿಯೊಬ್ಬಳಿಗೆ ಎರಡು ಸೀರೆ ಭುಜಕ್ಕೆ ಹೊದಿಸಿ ನಿಂತಿದ್ದಳು. “ಯಾವ್ದು ಒಪ್ಪತೈತ್ರಿ ಅಕ್ಕಾರ?” ನೀನೇ ಹೇಳು ಎಂದೆ. ದಾಳಿಂಬೆ ಬಣ್ಣದ್ದನ್ನು ಆರಿಸಿದಳು. ಹುಡುಗಿಯ ತಾಯಿಯೂ ಹೌದೆಂದಳು.

ಡಿಸೆಂಬರ್ 27, ಶನಿವಾರ, ಅಷ್ಟಮಿ

ಹೊರಟೆವು. ಬಾಗಿಲಿಗೆ ಕೀಲಿ ಹಾಕುವಾಗ ಎದುರುಮನೆಯವರು ಇಣುಕಿ ನೋಡಿದರು. ಅಷ್ಟಮಿಯಲ್ಲಿ ಊರು ಬಿಡುವವರು ನಾವೇ ಇರಬೇಕು. ಗೌರವ್ವ ಕಿಟಕಿ ಬದಿಗೆ ಕೂತಿದ್ದಾಳೆ. ಹುಬ್ಬಳ್ಳಿ ದಾಟಿದ ಮೇಲೆ ಕಪ್ಪು ನೆಲ ಮುಗಿದು ಕೆಂಪು ನೆಲ ಬಂತು. ಗಾಡಿ ಕುಲುಕುತ್ತಿದೆ, ಬರೆಯಲಾಗದು.

ಡಿಸೆಂಬರ್ 28, ರವಿವಾರ, ಹೊನ್ನಾವರ

ಲಾಡ್ಜಿನ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಲಾಡ್ಜಿನಿಂದ ಹೊರಟು ದಡ ಮುಟ್ಟಿದಾಗ ಇಲಿಯಾಸ ದೋಣಿ ತೊಳೆಯುತ್ತಿದ್ದ. ಇನ್ನೂ ಮೀಸೆ ನೆಟ್ಟಗೆ ಬಾರದ ಹುಡುಗನಿರಬೇಕು ಎಂದುಕೊಂಡಿದ್ದೆ, ನೋಡಿದರೆ ಬಿಳಿಗಡ್ಡದವನು. ನೀರಿನಾಚೆ ಹೊಯ್ಗೆಕುರ್ವೆ ಕಾಣುತ್ತಿತ್ತು. ವಿಡಿಯೊದಲ್ಲಿದ್ದಂತೆಯೇ, ಉದ್ದಕ್ಕೆ ಬರಿ ಮರಳು. ಅದರ ಆಚೆ ಸಮುದ್ರದ ಸದ್ದು. ಅಷ್ಟು ನೀರನ್ನು ನಾನೂ ಮೊದಲ ಸಲ ನೋಡಿದ್ದು. ಆದರೆ ನೀರಿನ ಮೇಲೆ ನನ್ನ ಧ್ಯಾನ ಇರಲಿಲ್ಲ.

ಚಿನ್ನು ನಿನ್ನೆ ಘಟ್ಟದಲ್ಲಿ ವಾಂತಿ ಮಾಡಿಕೊಂಡು, ರಾತ್ರಿಯೆಲ್ಲ ನಿದ್ದೆಗೆಟ್ಟು ಸೋತು ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದಳು. ಅವಳನ್ನು ಕಾಶೀಂಸಾಬನ ಹತ್ತಿರ ಗಾಡಿಯಲ್ಲಿ ಮಲಗಿಸಿ, ನಾವಿಬ್ಬರೇ ಹೋಗುವುದು, ಅಲ್ಲಿ ಹೇಳುವುದು, ಹೀಗೆ ಗೊತ್ತುಮಾಡಿಕೊಂಡಿದ್ದೆ. ಗೌರವ್ವ ದೋಣಿಯ ಅಂಚು ಹಿಡಿದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಆ ಮುಖ ನೋಡಿದೆ.

“ನೀ ಒಬ್ಬಾಕಿನ ಹೋಗಿ ಬಾ,” ಎಂದೆ. “ಕೂಸು ಮಲಗೇತಿ. ನಾ ಇಲ್ಲೇ ಕುಂದರ್ತೀನಿ.”

ಬಂದಮೇಲೆ ಹೇಳಿದರಾಯಿತು, ಎಲ್ಲಿ ಹೇಳಿದರೇನು ಎಂದುಕೊಂಡೆ. ಚಿನ್ನುವನ್ನು ತೊಡೆಯ ಮೇಲೆ ಹಾಕಿಕೊಂಡು ಛತ್ರಿ ಬಿಚ್ಚಿ ದಡದ ಮರಳಿನಲ್ಲಿ ಕೂತೆ.

ದೋಣಿ ಅವಳನ್ನು ಬಿಟ್ಟು ತಿರುಗಿ ಬಂತು. ಅವಳು ಅಷ್ಟು ದೂರ ನಡೆದು, ನಿಂತು, ಆಮೇಲೆ ಕೂತಳು. ಇಲ್ಲಿಂದ ಮಸಿಯ ಚುಕ್ಕೆಯಷ್ಟು. ಅತ್ತಳೋ, ಕೂಗಿದಳೋ, ಗಾಳಿ ಏನನ್ನೂ ಈ ದಡಕ್ಕೆ ತರಲಿಲ್ಲ. ಕೊಟ್ರೇಶ ಹೋದ ದಿನ ಮನೆ ತುಂಬ ಮಂದಿ ಅಳುವಾಗ ಅವಳು ಬಂದವರಿಗೆ ನೀರು ಕೊಡುತ್ತಿದ್ದಳು. ಅದು ನೆನಪಾಗಿ ನಾನೇ ಅತ್ತೆ. ಕಾಶೀಂಸಾಬ ಮುಖ ತಿರುಗಿಸಿಕೊಂಡು ಗಾಡಿಯ ಗಾಜು ಒರೆಸತೊಡಗಿದ.

ಇಲಿಯಾಸ ಬಂದು, “ಕರ್ಕೊಂಡು ಬರೂದಾ ಅಕ್ಕ?” ಎಂದ. ನೀರು ಏರುತ್ತದೆಯೇ ಎಂದು ಕೇಳಿದೆ. ಇನ್ನೂ ಹೊತ್ತಿದೆ ಎಂದ. “ಹಂಗಾರ ಕುಂದರಲಿ,” ಎಂದೆ.

ಬಿಸಿಲು ನೆತ್ತಿಗೇರಿದ ಮೇಲೆ ಅವಳು ತಾನೇ ಕೈಬೀಸಿದಳು. ದೋಣಿಯಿಂದಿಳಿದು ಬಂದಾಗ ಸೀರೆ ಮೊಣಕಾಲ ತನಕ ನೆಂದಿತ್ತು, ಕಣ್ಣು ಬಾತಿದ್ದವು, ಆದರೆ ಮುಖ ಹಗುರಾಗಿತ್ತು. ನನ್ನ ಮುಂದೆ ಕೂತಳು. ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ, ಅವಳೇ ಶುರುಮಾಡಿದಳು.

“ಅಕ್ಕಾರ, ಅಣ್ಣಗ ಒಲ್ಲೆ ಅಂತ ಹೇಳಿಬಿಡ್ತೀನ್ರಿ.”

“ಯಾಕ?”

“ಚಿನ್ನೂನ ಬಿಟ್ಟು ಹೋಗಬೇಕಂತಲ್ಲ. ಕಾಕಾರು ಹೇಳಿ ಕಳಿಸ್ಯಾರಂತ, ಮೊನ್ನೆ ಫೋನಿನ್ಯಾಗ ಅಣ್ಣ ಅಂದ. ಕೂಸು ನಿಮ್ಮ ಮನೀದು, ನಾ ಇಲ್ಲ ಅನ್ನೂದಿಲ್ಲ. ಯಾರೂ ಇಲ್ಲದ ಕಡೆ ಕುಂತು ಇಚಾರ ಮಾಡಿದ್ರ ಬಿಟ್ಟ ಹೋಗೂ ಧೈರ್ಯ ಬರತೈತೇನೋ ಅಂತಿದ್ನಿ.” ಉಸಿರೆಳೆದುಕೊಂಡಳು. “ಸಮುದ್ರಾನ ನೋಡ್ಲಿಲ್ರಿ ಅಕ್ಕಾರ. ಅದರ ಕಡೆ ಬೆನ್ನ ಮಾಡಿ, ಇತ್ತಾಗ ನಿಮ್ಮ ಛತ್ರೀನ ನೋಡ್ಕೊಂತ ಕುಂತಿದ್ನಿ. ಕೂಸು ಎದ್ದೀತು, ಅವ್ವ ಎಲ್ಲಿ ಅಂದೀತು ಅಂತ. ಒಂದ ತಾಸ ಆಕಿನ್ನ ಮರತ ಕುಂದ್ರೂದು ಆಗಲಿಲ್ಲ ನನ್ನ ಕೈಲೆ. ಜನಮ ಹ್ಯಾಂಗ ಆಗತೈತಿ?”

ನಾನು ಹೇಳಬೇಕೆಂದು ಅಷ್ಟು ದೂರದಿಂದ ಹೊತ್ತು ತಂದ ಮಾತು ಅವಳ ಬಾಯಿಂದಲೇ ಬಂದು ಮುಗಿದಿತ್ತು. ನನ್ನ ಮೇಲೆ ಒಂದು ಚೂರೂ ತಪ್ಪು ಬಾರದ ಹಾಗೆ. ಇಬ್ಬರೂ ನನ್ನ ಮನೆಯಲ್ಲೇ ಉಳಿಯುತ್ತಾರೆ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲು ಎಷ್ಟು ಹೊತ್ತು ಪ್ರಯತ್ನಪಟ್ಟೆ ಎಂದು ನನಗೇ ಗೊತ್ತು.

“ಆ ಮನಿಷ್ಯಾ ನಿನಗ ಒಪ್ಪಿಗಿ ಆಗ್ಯಾನೇನು? ಕೂಸಿನ ಮಾತ ಬಿಟ್ಟು ಹೇಳು,” ಎಂದೆ.

ಅವಳು ಮರಳು ಹಿಡಿದು ಬಿಟ್ಟಳು. ತಲೆ ಆಡಿಸಿದಳು, ಹೌದೆಂದು.

“ಹಂಗಾರ ಚಿನ್ನೂನ ಕರಕೊಂಡು ಹೋಗು.”

ಅವಳು ನನ್ನನ್ನೇ ನೋಡಿದಳು. “ಕಾಕಾರು?”

“ಕಾಕಾಗ ನಾ ಹೇಳ್ತೀನಿ. ಕೊಟ್ರೇಶನ ಅಕ್ಕ ನಾ ಅದೀನಿ. ಕೂಸಿನ್ನ ಸಾಕಿದಾಕಿ ನಾ ಅದೀನಿ. ನಾನ ಕಳಿಸೀನಿ ಅಂದ್ಮ್ಯಾಲೆ ಯಾರದೇನೈತಿ? ಕತ್ತಲ್ಯಾಗ ಗಿತ್ತಲ್ಯಾಗ ಬ್ಯಾಡ. ಹಾಡುಹಗಲ ಆಗಬೇಕು, ನಾ ಮುಂದ ನಿಂತ ಮಾಡ್ತೀನಿ.”

ದನಿ ಜೋರಾಯಿತೇನೋ. ದೂರದಲ್ಲಿದ್ದ ಇಲಿಯಾಸ ತಿರುಗಿ ನೋಡಿದ. ಗೌರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಾಗಿದಳು. ಅವಳ ಹಣೆ ನನ್ನ ಪಾದಕ್ಕೆ ತಾಗಿತು. ಈ ಹತ್ತು ತಿಂಗಳಲ್ಲಿ ಅವಳು ಅಳುವ ದನಿಯನ್ನು ಮೊದಲ ಸಲ ಕೇಳಿದೆ. ಅತ್ತು ಮುಗಿದ ಮೇಲೆ, “ಅಕ್ಕಾ, ನೀ ಒಬ್ಬಾಕಿ ಆಗ್ತಿ,” ಎಂದಳು.

ಇಡೀ ದಿನ ಅಂಗಡಿ ತುಂಬ ಮಂದಿ ಇರುತ್ತಾರೆ, ನನಗೇನಾಗುತ್ತದೆ ಎಂದೆ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಅವಳು ಮೂಗು ಒರೆಸಿಕೊಂಡು, ಚಿನ್ನುವನ್ನು ಎತ್ತಿಕೊಳ್ಳಲು ಕೈ ಚಾಚಿದಳು. ತಾಯಿಯ ಕೈ ತಾನಾಗಿ ಬಂದದ್ದು. ನಾನು ಛತ್ರಿ ಬಿಟ್ಟು ಎರಡೂ ಕೈಯಿಂದ ಕೂಸನ್ನು ಹಿಡಿದುಕೊಂಡೆ.

“ಈಗ ಬ್ಯಾಡ,” ಎಂದೆ. “ಇನ್ನೊಂದೀಟ ಇರಲಿ ನನ್ನ ಕಡೆ.”

ಗೌರವ್ವ ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮಗ್ಗುಲಿಗೆ ಬಂದು ಕೂತಳು. ಇಲಿಯಾಸ ಹುಟ್ಟು ಹಿಡಿದು ಬಂದು, ನೀರು ಏರೂಕೆ ಶುರುವಾಯ್ತು, ನೀವು ಹೋಗೂದಿಲ್ವಾ ಅಕ್ಕ ಎಂದು ಕೇಳಿದ. ಇಲ್ಲ ಎಂದೆ. ಕಾಲು ಜೋಮು ಹಿಡಿದಿತ್ತು, ಚಿನ್ನು ಎದ್ದೇಳುವ ತನಕ ಅಲ್ಲಾಡಲಿಲ್ಲ.